ಬೆಣ್ಣೆಯ ಬದಲಿಗೆ

ಭಾನುವಾರ, ಸೆಪ್ಟೆಂಬರ್ ೧೪

ಮುದ್ದಿನ ಗುಬ್ಬಿ,

ನಿನ್ನ ಪತ್ರ ಬಂದು ಏಳು ವಾರವಾಯಿತು. ಈ ಅಕ್ಕನಿಗೆ ಏನು ಕೊಬ್ಬು ಎಂದು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದಿದ್ದರೆ ತಪ್ಪಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಭಾವನ ಮಂಡಿನೋವು ಮಾತ್ರ ಹಾಗೆಯೇ ಇದೆ. ಮೆಟ್ಟಿಲು ಇಳಿಯುವಾಗ ಕಟ್ಟಿದ ಮೇಸ್ತ್ರಿಯನ್ನು ಒಂದೊಂದು ಮೆಟ್ಟಿಲಿಗೆ ಒಂದೊಂದು ಸಲ ನೆನೆಸಿಕೊಳ್ಳುತ್ತಾರೆ.

ಮಗಳ ಎಂಟನೆಯ ಹುಟ್ಟುಹಬ್ಬಕ್ಕೆ ಹಾಲು ಸೋಕದ ಕೇಕ್ ಬೇಕು, ಬೆಣ್ಣೆಯ ಬದಲಿಗೆ ಏನು, ಮಜ್ಜಿಗೆಯ ಬದಲಿಗೆ ಏನು ಎಂದು ಕೇಳಿದ್ದೆ. ಕೊನೆಯಲ್ಲಿ, "ಅಕ್ಕಾ, ನಾನೇ ಮಾಡೋಕೆ ಭಯ. ನೀನೇ ಬಂದು ಮಾಡಿಕೊಡು, ನಿನ್ನ ಮೇಲಾದ್ರೆ ನಂಬಿಕೆ" ಎಂದು ಬರೆದಿದ್ದೆ. ಆ ಸಾಲು ಓದಿದ ಮೇಲೆ ಮೂರು ಸಲ ಉತ್ತರ ಬರೆಯಲು ಕುಳಿತೆ. ಮೂರು ಸಲವೂ "ಪ್ರೀತಿಯ" ಎಂಬ ಪದ ದಾಟಿ ಪೆನ್ನು ಮುಂದೆ ಹೋಗಲಿಲ್ಲ.

ಮೊದಲು ಕೇಳಿದ್ದಕ್ಕೆ ಹೇಳಿಬಿಡುತ್ತೇನೆ. ಬೆಣ್ಣೆ ಕೇಕಿಗೆ ಜಿಡ್ಡಿನ ಜೊತೆಗೆ ಗಾಳಿಯನ್ನೂ ಕೊಡುತ್ತದೆ. ಸಕ್ಕರೆ ಸೇರಿಸಿ ಚೆನ್ನಾಗಿ ಕಡೆದಾಗ ಅದರೊಳಗೆ ಗಾಳಿ ಸಿಕ್ಕಿಕೊಂಡು ಕೇಕ್ ಉಬ್ಬುತ್ತದೆ. ಎಣ್ಣೆಗೆ ಆ ಗುಣವಿಲ್ಲ. ಕೇಕ್ ಸ್ವಲ್ಪ ಒತ್ತಾಗುತ್ತದೆ, ಆದರೆ ಎರಡು ದಿನವಾದರೂ ಒಣಗುವುದಿಲ್ಲ. ಬೆಣ್ಣೆಯಲ್ಲಿ ನೀರಿನ ಅಂಶವೂ ಇರುವುದರಿಂದ ನೂರು ಗ್ರಾಂ ಬೆಣ್ಣೆಯ ಜಾಗಕ್ಕೆ ಎಂಬತ್ತು ಗ್ರಾಂ ಎಣ್ಣೆ ಸಾಕು. ಮಜ್ಜಿಗೆಯ ಬದಲು ಒಂದು ಲೋಟ ಸೋಯಾ ಹಾಲಿಗೆ ಒಂದು ಚಮಚ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಡು. ಒಡೆದಂತೆ ಕಂಡರೆ ಹೆದರಬೇಡ, ಒಡೆಯಲೇಬೇಕು. ಆ ಹುಳಿ ಇದ್ದರೇ ಅಡುಗೆ ಸೋಡಾ ಕೆಲಸ ಮಾಡುವುದು. ತೆಂಗಿನಹಾಲಿನಲ್ಲೂ ಮಾಡಿ ನೋಡಿದೆ. ಕೇಕ್ ಮೆತ್ತಗಿತ್ತು, ಆದರೆ ತೆಂಗಿನದೇ ರುಚಿ. ನಿನ್ನ ಭಾವ ಮೂರು ತುಂಡು ತಿಂದು, "ಇನ್ನೊಂದು ಸಲ ಮಾಡು, ಆಮೇಲೆ ಅಭಿಪ್ರಾಯ ಹೇಳ್ತೀನಿ" ಎಂದರು.

ಇಷ್ಟೆಲ್ಲ ಪ್ರಯೋಗ ನಡೆದದ್ದು ಕೆಳಗಿನ ಮನೆಯ ಟೈಲರಮ್ಮನಿಗಾಗಿ. ಒಬ್ಬಳೇ ದುಡಿದು ಮಗಳನ್ನು ಸಾಕುತ್ತಿದ್ದಾಳೆ. ಆ ಮಗುವಿಗೂ ಹಾಲು ಆಗುವುದಿಲ್ಲ. ಎಲ್ಲರೂ ಅದನ್ನು ಗುಂಡಿ ಎಂದು ಕರೆಯುತ್ತಾರೆ. ಕೂತಲ್ಲೆಲ್ಲ ಗುಂಡಿ ಪೋಣಿಸುತ್ತಾ ಬೆಳೆದ ಹುಡುಗಿ. "ಟೀಚರ್, ಏಳು ವರ್ಷ ಆಯ್ತು, ಒಂದ್ಸಲನೂ ಕೇಕ್ ಕತ್ತರಿಸಿಲ್ಲ ಅದು. ನೀವು ಸೈನ್ಸ್ ಓದಿದೋರು, ಮಾಡಿಕೊಡಿ" ಎಂದು ಬಂದಳು. ಆಗುವುದಿಲ್ಲ ಎಂದೆ. ಮರುದಿನ ಮಗುವನ್ನೇ ಕಳಿಸಿದಳು. ಒಪ್ಪಿಕೊಂಡೆ.

ಹೋದ ಭಾನುವಾರ ಹುಟ್ಟುಹಬ್ಬ. ಕೇಕಿಗೆ ಎಣ್ಣೆ, ಸೋಯಾ ಹಾಲು, ಎಲ್ಲ ಸರಿಯಾಗಿತ್ತು. ಮೇಲಿನ ಕ್ರೀಮಿಗೆ ಮಾತ್ರ ಮಾರ್ಗರಿನ್ ಬೇಕಿತ್ತು, ಎಣ್ಣೆಯಿಂದ ಮಾಡಿ ಬೆಣ್ಣೆಯ ಹಾಗೆ ಕಾಣುತ್ತದಲ್ಲ, ಅದು. ನಾನು ಯಾವಾಗಲೂ ತರುವುದು ಅಂಗಡಿಯಲ್ಲಿ ಮುಗಿದಿತ್ತೆಂದು ನಿನ್ನ ಭಾವ ಬೇರೆಯದನ್ನು ತಂದರು. ತಂದವರದು ತಪ್ಪಲ್ಲ, ಮೇಲೆ ಬರೆದದ್ದನ್ನು ಓದದೆ ಪೊಟ್ಟಣ ಬಿಡಿಸಿದವಳು ನಾನು. ಕಡೆದು, ಕೇಕಿನ ಅಂಚಿಗೆ ಸುತ್ತ ಕ್ರೀಮಿನ ಹೂವು ಕೂರಿಸಿದೆ. ಮೂರು ಗಂಟೆಗೆ ಟೈಲರಮ್ಮ ಬಂದು ಕೇಕನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದೇ ಮೆಟ್ಟಿಲಿಳಿದಳು. ಮನೆ ಚಿಕ್ಕದೆಂದು ಎರಡು ಬೀದಿ ಆಚೆಯ ತನ್ನ ಅಂಗಡಿಯಲ್ಲೇ ಮಕ್ಕಳನ್ನು ಸೇರಿಸಿದ್ದಳು.

ಪಾತ್ರೆ ತೊಳೆದು ಕಸ ಎತ್ತುವಾಗ ಮಾರ್ಗರಿನ್ ಕಾಗದ ಕೈಗೆ ಬಂತು. ಕೆಳಗೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿಕೊಂಡೆ. 'ಹಾಲಿನ ಘನಾಂಶ ಒಳಗೊಂಡಿದೆ.'

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ ಬಾಕಿ, ಕೇಕ್ ಕತ್ತರಿಸುವುದು ನಾಲ್ಕಕ್ಕೆ. ನಿನ್ನ ಭಾವ "ಏನಾಯ್ತೇ?" ಎನ್ನುತ್ತಿದ್ದಂತೆ ಬಚ್ಚಲ ಚಪ್ಪಲಿಯಲ್ಲೇ ಓಡಿದೆ. ಅರವತ್ತೆರಡು ವರ್ಷದವಳು ಹೇಗೆ ಓಡಿದೆನೋ ಗೊತ್ತಿಲ್ಲ. ಇಸ್ತ್ರಿ ಅಂಗಡಿಯವನು ಏನೋ ಕೂಗಿ ಕೇಳಿದ. ಸೈಕಲ್ ಅಂಗಡಿ ಮುಂದೆ ಒಂದು ಚಪ್ಪಲಿ ಕಳಚಿತು, ಬಿಟ್ಟೆ. ರಸ್ತೆ ದಾಟುವಾಗ ಆಟೋದವನು ಬೈದ. ತಿರುವಿನಲ್ಲೇ ಚಪ್ಪಾಳೆ ಕೇಳಿಸಿತು. ಮೇಣದಬತ್ತಿ ಆರಿಸಿಬಿಟ್ಟಿದ್ದರು.

"ಮುಟ್ಟಬೇಡಿ! ಯಾರೂ ಮುಟ್ಟಬೇಡಿ!" ಎಂದು ಕೂಗುತ್ತಲೇ ಒಳಗೆ ನುಗ್ಗಿದೆ.

ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಹತ್ತು ಮಕ್ಕಳು. ಚಾಕು ಇನ್ನೂ ಟೈಲರಮ್ಮನ ಕೈಯಲ್ಲೇ ಇತ್ತು. ಅಬ್ಬಾ, ಬದುಕಿದೆ ಎಂದುಕೊಂಡು ಮಗುವಿನ ಕಡೆ ತಿರುಗಿದರೆ ಅದರ ಬೆರಳು ಬಾಯಲ್ಲಿತ್ತು.

"ಗುಂಡಿ, ಏನು ತಿಂದೆ?"

"ಒಂದೇ ಒಂದು ಹೂವು, ಟೀಚರ್. ಹಿಂದಿಂದು. ಯಾರಿಗೂ ಕಾಣ್ಸಲ್ಲ."

"ಕ್ರೀಮಿನಲ್ಲಿ ಹಾಲಿದೆ. ನಾನು ನೋಡಲಿಲ್ಲ" ಎಂದೆ.

ಟೈಲರಮ್ಮ ಕೂಗಾಡಲಿಲ್ಲ. ಮಗುವಿನ ಬಾಯಿ ತೊಳೆಸಿದಳು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ನಡುವಿಂದ ಔಷಧಿ ಬಾಟಲಿ ತೆಗೆದು ಅಳತೆ ಮಾಡಿ ಕುಡಿಸಿದಳು. ಬೀದಿ ಕೊನೆಯ ಕ್ಲಿನಿಕ್ಕಿಗೆ ಮಗುವನ್ನು ಎತ್ತಿಕೊಂಡು ಹೋಗುವಷ್ಟರಲ್ಲಿ ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತ್ತು, ಕೆಳತುಟಿ ಊದಿ ಪಕ್ಕಕ್ಕೆ ವಾಲಿತ್ತು. ಉಸಿರಿನೊಳಗೆ ಸಣ್ಣಗೆ ಸೀಟಿ. ಆ ಸದ್ದನ್ನು ನೀನು ಕೇಳಿದ್ದೀಯ, ನಿನಗೆ ಬಿಡಿಸಿ ಹೇಳಬೇಕಿಲ್ಲ.

"ಏನು ತಿಂದಳು? ಮಾಡಿದ್ದು ಯಾರು?" ಎಂದರು ಡಾಕ್ಟರಮ್ಮ.

ಒಂದು ಕ್ಷಣ, ಒಂದೇ ಒಂದು ಕ್ಷಣ, ಗೊತ್ತಿಲ್ಲ ಎನ್ನೋಣ ಅನ್ನಿಸಿತು ಗುಬ್ಬಿ. ಆಮೇಲೆ, "ನಾನೇ ಮಾಡಿದ್ದು. ಹಾಲಿನ ಅಂಶ ಇತ್ತು, ನೋಡದೆ ಹಾಕಿದೆ" ಎಂದು ಮನೆಯಿಂದ ಮುಷ್ಟಿಯಲ್ಲೇ ಹಿಡಿದು ಬಂದಿದ್ದ ಮಾರ್ಗರಿನ್ ಕಾಗದ ಚಾಚಿದೆ.

"ಹೇಳಿದ್ದು ಒಳ್ಳೇದಾಯ್ತು. ಹುಡುಕ್ತಾ ಕೂರೋದು ತಪ್ಪಿತು" ಎನ್ನುತ್ತಲೇ ಅವರು ತೊಡೆಗೆ ಇಂಜೆಕ್ಷನ್ ಚುಚ್ಚಿದರು.

ಸೀಟಿ ನಿಲ್ಲಲು ಹತ್ತು ನಿಮಿಷ ಹಿಡಿಯಿತು. ನಾನು ಜೀವನದಲ್ಲಿ ಗೋಡೆ ಗಡಿಯಾರವನ್ನು ಅಷ್ಟು ಹೊತ್ತು ನೋಡಿಲ್ಲ. ಆಮೇಲೂ ಕಣ್ಣಳತೆಯಲ್ಲೇ ಇರಬೇಕೆಂದು ಏಳು ಗಂಟೆಯವರೆಗೆ ಕೂರಿಸಿಕೊಂಡರು. ತುಟಿ ಇಳಿದ ಮೇಲೆ ಗುಂಡಿ ಕೇಳಿದ ಮೊದಲ ಮಾತು: "ಆ ಹೂವು ಚೆನ್ನಾಗಿತ್ತು ಟೀಚರ್. ಹಾಲಿಲ್ಲದ್ದು ಮಾಡೋಕೆ ಬರಲ್ವಾ?"

ಟೈಲರಮ್ಮ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. "ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗತ್ತೆ ಟೀಚರ್. ಹೊಟ್ಟೆ ಉರೀತಿದೆ. ಆದ್ರೆ ನೀವು ಓಡಿ ಬಂದ್ರಿ. ಬಾಯಿ ಮುಚ್ಕೊಂಡು ಮನೇಲಿದ್ದಿದ್ರೆ ನಾನು ಏನಂತ ತಿಳ್ಕೋತಿದ್ದೆ? ನಾನೇ ಏನೋ ಕೊಟ್ಟೆ ಅಂತ ಸಾಯೋವರೆಗೂ ಕೊರಗ್ತಿದ್ದೆ" ಎಂದಳು.

ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ. ಮುಖ ತೊಳೆಯುತ್ತಿದ್ದೇನೆಂದು ಜನ ಅಂದುಕೊಳ್ಳಲಿ ಎಂದು.

ಮೊನ್ನೆ ಗುರುವಾರ ಅವಳ ಮನೆಯಲ್ಲೇ, ಅವಳ ಪಾತ್ರೆಯಲ್ಲೇ ಇನ್ನೊಂದು ಕೇಕ್ ಮಾಡಿಕೊಟ್ಟೆ. ಪ್ರತಿಯೊಂದು ಪೊಟ್ಟಣವನ್ನೂ ಅವಳು ಗಟ್ಟಿಯಾಗಿ ಓದಿದಳು, ನಾನು ಕೇಳಿಸಿಕೊಂಡೆ. ಕ್ರೀಮ್ ಇಲ್ಲ, ಬರೀ ಸಕ್ಕರೆ ಪುಡಿ, ನಿಂಬೆರಸ. ಗುಂಡಿ ಎರಡು ತುಂಡು ತಿಂದಿತು. ನಾವಿಬ್ಬರೂ ಒಂದು ಗಂಟೆ ಅದರ ತುಟಿ ನೋಡುತ್ತ ಕುಳಿತೆವು. ಏನೂ ಆಗಲಿಲ್ಲ.

ಕೂಸಿಗೆ ದೊಡ್ಡಮ್ಮನ ಆಶೀರ್ವಾದ ಹೇಳು. ನೂರು ವರ್ಷ ಚೆನ್ನಾಗಿ ಬಾಳಲಿ, ನಿನ್ನ ಮಡಿಲು ತಣ್ಣಗಿರಲಿ. ನಾನೇ ಬಂದು ಕೇಕ್ ಮಾಡಿಕೊಡುತ್ತೇನೆಂದು ಮಾತ್ರ ಮಾತು ಕೊಡಲಾರೆ. ಏಕೆಂದು ಕೆಳಗೆ ಬರೆದಿದ್ದೇನೆ. ಕುಳಿತುಕೊಂಡು ಓದು.

ನಿನ್ನ
ಅಕ್ಕ

ತಾ.ಕ.: ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕೂಸಿನ ಹುಟ್ಟುಹಬ್ಬ ಮಾಡಿದೆವಲ್ಲ, ಆ ಕೇಕಿನಲ್ಲಿ ಹಾಲಿನ ಪುಡಿ ಇತ್ತು. ಎರಡು ಚಮಚ. ಕೈತಪ್ಪಿ ಬಿದ್ದದ್ದಲ್ಲ, ನಾನೇ ಹಾಕಿದ್ದು. ಅಲರ್ಜಿ ಗಿಲರ್ಜಿ ಎಲ್ಲ ನಿನ್ನ ಅತಿಮುದ್ದು, ತಿಂದು ಆಡಿಕೊಂಡಿದ್ದರೆ ಸಂಜೆ ಎಲ್ಲರೆದುರು ಗುಟ್ಟು ಬಿಚ್ಚಿ ನಿನ್ನನ್ನು ನಗಿಸೋಣ ಎಂದುಕೊಂಡಿದ್ದೆ. ನಿನ್ನ ಮಗುವಿನ ಮೇಲೆ ಪ್ರಯೋಗ ಮಾಡಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಕೇಕಿನಲ್ಲಿ ಏನೂ ಇಲ್ಲ ಎಂದೆ. ನಮ್ಮ ಮನೆಗೆ ಬರುವ ದಾರಿಯಲ್ಲಿ ನೀನು ಕೊಟ್ಟ ಬಿಸ್ಕತ್ತಿನಿಂದಲೇ ಹೀಗಾಯಿತೆಂದು ನೀನು ತಲೆ ಚಚ್ಚಿಕೊಂಡು ಅತ್ತೆ. ನಾನು ನಿನ್ನ ಬೆನ್ನು ಸವರುತ್ತ ನಿಂತಿದ್ದೆ. "ಹೆತ್ತವಳಿಗೇ ಗಮನ ಇಲ್ಲ" ಎಂದು ನಿನ್ನ ಅತ್ತೆಯವರು ಎಲ್ಲರ ಮುಂದೆ ಅಂದಾಗಲೂ ಬಾಯಿ ಬಿಡಲಿಲ್ಲ. ಈ ಪತ್ರವನ್ನು ಅವರಿಗೆ ತೋರಿಸು. ನನ್ನನ್ನು ಮನೆಗೆ ಸೇರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಕೇಕನ್ನು ಮಾತ್ರ ನೀನೇ ಮಾಡು. ನಿನ್ನ ಕೈಯಿಂದ ಆ ಕೂಸಿಗೆ ಯಾವತ್ತೂ ಏನೂ ಆಗಿಲ್ಲ.