ಮಾಸ್ತರನ್ನು ನಿಲ್ಲಿಸಬಹುದು

ಆಯಿ,

ನೀನು ಬಂದರಿನಿಂದ ಮೀನು ತರುವಷ್ಟರಲ್ಲಿ ನನ್ನ ಬಸ್ಸು ಬರುತ್ತದೆ. ನಾನು ಕುಮಟೆಗೆ, ಹಾಸ್ಟೆಲಿಗೆ ಹೊರಟೆ.

ಸಂಜೆ ನಾಲ್ಕಕ್ಕೆ ಫೋನಿನಲ್ಲಿ ನಿನ್ನ ವಿಜ್ಞಾನದ ಪರೀಕ್ಷೆ. ಇದರಲ್ಲಿ ಪಾಸಾದವರನ್ನು ಮಾತ್ರ ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸುತ್ತಾರೆ. ಅದಕ್ಕೆ ಮೊದಲು ವಿದ್ಯುತ್ತಿನ ಪಾಠದ ವಿಡಿಯೋ ಇನ್ನೊಮ್ಮೆ ನೋಡು.

ನೋಡುವುದೆಂದರೆ ನಿನ್ನೆಯ ಹಾಗಲ್ಲ. ಗಿರಾಕಿ ಕರೆದರೆ ನೀನು ಎದ್ದು ಹೋಗುತ್ತೀಯ, ಪಾಠ ತನ್ನಷ್ಟಕ್ಕೆ ಓಡುತ್ತಿರುತ್ತದೆ. ನಿಲ್ಲಿಸು ಎಂದರೆ, "ಮಾಸ್ತರು ಮಾತಾಡೂವಾಗ ನಡುವೆ ಬಾಯಿ ಮುಚ್ಚಿಸೂಕೆ ನಾ ಎಂತ ಅಷ್ಟು ದೊಡ್ಡೋಳ?" ಎನ್ನುತ್ತೀಯ. "ದಿನಾ ನನ್ನ ಬಾಯಿ ಮುಚ್ಚಿಸ್ತೀ, ಆ ಮಾಸ್ತರ ನಸೀಬ ನೋಡು" ಎಂದು ಅಪ್ಪ ನಕ್ಕಿದ್ದರಲ್ಲಿ ತಪ್ಪೇನಿಲ್ಲ.

ಆ ಮಾಸ್ತರು ಫೋನಿನೊಳಗೆ ಕೂತಿಲ್ಲ, ಆಯಿ. ಎಂದೋ ಪಾಠ ಮುಗಿಸಿ ಮನೆಗೆ ಹೋಗಿ ಊಟ ಮಾಡಿದ್ದಾರೆ. ಪರದೆಯ ನಡುವೆ ಮುಟ್ಟಿದರೆ ಎರಡು ಗೀಟು ಕಾಣುತ್ತದೆ, ಅದನ್ನು ಒತ್ತಿದರೆ ಪಾಠ ನಿಲ್ಲುತ್ತದೆ. ಎಡಗಡೆ ಬೇಗಬೇಗ ಎರಡು ಸಲ ತಟ್ಟಿದರೆ ಹಿಂದಕ್ಕೆ ಹೋಗುತ್ತದೆ.

ಅನ್ನ ಮಾಡಿಟ್ಟಿದ್ದೇನೆ. ನಿನ್ನೆಯ ಬಂಗಡೆ ಸಾರು ಬಿಸಿ ಮಾಡಿಕೋ.

ಫೋನು ಚಾರ್ಜಿಗೆ ಹಾಕಿದ್ದೇನೆ. ಅದನ್ನು ಕಿತ್ತು ಮಿಕ್ಸಿ ಸಿಕ್ಕಿಸಬೇಡ.

ಪರೀಕ್ಷೆಯ ಹೊತ್ತಿಗೆ ದೋಣಿಯಿಂದ ಫೋನ್ ಮಾಡಬೇಡವೆಂದು ಅಪ್ಪನಿಗೆ ಹೇಳಿದ್ದೇನೆ. ಎಷ್ಟು ದೊಡ್ಡ ಮೀನು ಸಿಕ್ಕರೂ ಐದರ ಮೇಲೆ ಹೇಳಲಿ.

ಒಂದೇ ಸಲಕ್ಕೆ ಅರ್ಥವಾಗದಿದ್ದರೆ ನಾಚಿಕೆ ಬೇಡ. ನಿನಗೆ ಶಾಲೆಯೇ ಬೇಡವಾಗುವಂತೆ ಮಾಡಿದ ಆ ಹಳೇ ಮಾಸ್ತರ ಹಾಗೆ "ಎಷ್ಟು ಸಲ ಹೇಳೂದೆ ನಿಂಗೆ?" ಎಂದು ಇವರು ಕೇಳುವುದಿಲ್ಲ. ಹತ್ತು ಸಲ ಹೇಳಿಸು.

ದೀಕ್ಷಾ