ಬಿಟ್ಟುಕೊಟ್ಟ ಸೀಟು

ಕೊಟ್ಟೂರು
ಮಾರ್ಚ್ 12, ಗುರುವಾರ

ಶೃತಿಯ ಅಪ್ಪನವರಿಗೆ,

ಗಂಗಾಂಬಿಕಾಳ ನಮಸ್ಕಾರ. ಕಾಲಿನ ಗಾಯ ಒಣಗಿತೇ? ಹೊಟ್ಟೆತುಂಬ ಊಟ ಸಿಗುತ್ತಿದೆಯೇ? ಇಲ್ಲಿ ಅತ್ತೆಯವರು, ಶೃತಿ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ. ನಿಮ್ಮ ದನಿ ಕೇಳಿದರೆ ಬೈಯುವುದಕ್ಕೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ. ಕೂಡ್ಲಿಗಿಯ ಮಂಜಣ್ಣ ನಾಳೆ ನಿಮ್ಮ ಕಂಪನಿಗೆ ವಾಪಸ್ ಹೊರಟಿದ್ದಾರೆ, ಅವರ ಕೈಲಿ ಕಳಿಸುತ್ತಿದ್ದೇನೆ.

ನೀವಿರುವ ದೇಶಕ್ಕೂ ಪಕ್ಕದ ದೇಶಕ್ಕೂ ಬಲು ದೋಸ್ತಿ, ಎರಡರ ಸೈನ್ಯವೂ ಒಂದೇ ಮೈದಾನದಲ್ಲಿ ಕವಾಯತು ಮಾಡುತ್ತವೆ, ಹೆದರಬೇಡ ಅಂದಿದ್ದಿರಿ. ಗಡಿಯ ಒಂದು ಬಂದರು ಯಾರದು ಎಂಬ ಮಾತಿಗೆ ಯುದ್ಧ ಶುರುವಾಯಿತು. ಇವರು ಅವರ ಹಡಗು ತಡೆದರು, ಅವರು ಇವರ ಹಡಗು ಸುಟ್ಟರು. ಇವರಿಗೆ ಮಾತು ಕೊಟ್ಟವರು ಇತ್ತ ಸೇರಿದರು, ಅವರಿಗೆ ಮಾತು ಕೊಟ್ಟವರು ಅತ್ತ. ವಾರದೊಳಗೆ ಒಂಬತ್ತು ದೇಶ ಯುದ್ಧಕ್ಕಿಳಿದವು. ಕೊನೆಯ ವಿಮಾನದಲ್ಲಿ ನಿಮಗೆ ಸೀಟು ಸಿಕ್ಕಿದೆ, ನಿಮ್ಮ ಷಡ್ಡಕ ಸಂಜೀವನಿಗೆ ಸಿಕ್ಕಿಲ್ಲ ಎಂದು ಕಂಪನಿಯವರು ತಿಳಿಸಿದರು. ಗಂಡನ ಸುದ್ದಿಯನ್ನು ನಿಮ್ಮ ಬಾಯಿಂದಲೇ ಕೇಳಬೇಕೆಂದು ಶಿವಲೀಲಾ ಮೂರು ತಿಂಗಳ ಕೂಸನ್ನೆತ್ತಿಕೊಂಡು ಹಂಪಸಾಗರದಿಂದ ಬಂದಳು. ಅಕ್ಕ ತಂಗಿ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಕೈ ಹಿಡಿದುಕೊಂಡು ನಿಂತೆವು. ಹೊರಗೆ ಬಂದವನು ಸಂಜೀವ.

"ಅಣ್ಣಾರು ತಮ್ಮ ಸೀಟು ನನಗ ಬಿಟ್ಟುಕೊಟ್ರು ಅಕ್ಕಾ. ಕೂಸಿನ ಮುಖ ನೋಡೋಗು ಅಂದ್ರು."

"ಕೊಟ್ರ ಬಂದು ಕುಂದ್ರಾಕ ಅದೇನು ಬಸ್ಸಿನ ಸೀಟೇನಲೇ?" ಅಂದೆ. ಅಷ್ಟು ಜನರ ನಡುವೆ.

ಶಿವಲೀಲಾ ನನ್ನ ಕೈ ಕೊಡವಿದಳು. "ಹಂಗಾರ ನನ್ನ ಗಂಡ ಅಲ್ಲೇ ಸಾಯಬೇಕಿತ್ತೇನು?"

"ಹೌದು," ಅಂದೆ.

ನಾನೇ ಅಂದಿದ್ದು. ಅವತ್ತಿನಿಂದ ಅವಳು ನನ್ನೊಂದಿಗೆ ಮಾತಾಡಿಲ್ಲ. ನಾನೂ ಮಾತಾಡಿಸಿಲ್ಲ. ನಿಮ್ಮ ಮೊದಲ ಫೋನು ಬರುವವರೆಗೆ ಮೂವತ್ತಾರು ದಿನ, ಬಾಂಬಿಗೆ ಹೆದರಿ ನೀವು ಅಡಗಿದ್ದ ಆ ನೆಲಮಾಳಿಗೆಯಲ್ಲಿ ಬದುಕಿದ್ದಿರೋ ಇಲ್ಲವೋ ಗೊತ್ತಿಲ್ಲದೆ ನಾನು ಗಿರಣಿಯಲ್ಲಿ ಊರವರ ಜೋಳ ಬೀಸಿದೆ. ಬಿಟ್ಟುಕೊಡುವ ಮೊದಲು ನನ್ನನ್ನೊಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ಅದು ನಿಮ್ಮೊಬ್ಬರ ಸೀಟಾಗಿತ್ತೇ?

ಮೊನ್ನೆ ಮಂಗಳವಾರ ಟಿ.ವಿ.ಯಲ್ಲಿ ಆ ಎರಡು ದೇಶದ ದೊಡ್ಡವರಿಬ್ಬರು ಸಹಿ ಹಾಕಿ ಅಪ್ಪಿಕೊಂಡರು. ತಪ್ಪು ತಿಳುವಳಿಕೆಯಿಂದ ಆಯಿತಂತೆ. ನಗುತ್ತಿದ್ದರು. ಅತ್ತೆ ಕೈಮುಗಿದು, "ಮುಗೀತಲ್ಲವ್ವಾ," ಅಂದರು. ನಾನು ಟಿ.ವಿ. ಆರಿಸಿ ಎದ್ದುಹೋದೆ.

ನಿಮ್ಮ ತಾಯಿ ಆಶೀರ್ವಾದ ಹೇಳಿದ್ದಾರೆ. ಶೃತಿ ಮುತ್ತು ಕಳಿಸಿದ್ದಾಳೆ. ನನ್ನ ಕಡೆಯಿಂದ ಸದ್ಯಕ್ಕೆ ಸಿಟ್ಟು ಮಾತ್ರ.

ಗಂಗಾಂಬಿಕಾ

ಮರೆತಿದ್ದೆ: ನಿನ್ನೆ ಸಂಜೀವ ಗಿರಣಿಗೆ ಬಂದಿದ್ದ. ಅವನ ಊರಲ್ಲೇ ಗಿರಣಿ ಇರುವಾಗ ಅಲ್ಲಿಂದ ಇಲ್ಲಿಗೆ ಜೋಳ ಹೊತ್ತು ತಂದಿದ್ದ. ಎಲ್ಲರ ಹಿಂದೆ ಸರದಿಯಲ್ಲಿ ನಿಂತ. ಬೀಸಿಕೊಟ್ಟೆ. ಹಿಟ್ಟು ಅಲ್ಲೇ ಬಿಟ್ಟು ಹೋದ. ಊರಿಗೆ ಬಂದಾಗಿನಿಂದ ಅವನು ಕೂಸನ್ನು ಎತ್ತಿಕೊಂಡೇ ಇಲ್ಲವಂತೆ. ಭಾನುವಾರ ಕಂಪನಿಯವರು ಕೊಡುವ ಐದು ನಿಮಿಷದ ಫೋನನ್ನು ಈ ಸಲ ನನಗೆ ಮಾಡಬೇಡಿ, ಅವನಿಗೆ ಮಾಡಿ. ಮನಸಾರೆ ಕೊಟ್ಟಿದ್ದು ಅಂತ ನಿಮ್ಮ ಬಾಯಿಂದಲೇ ಹೇಳಿ. ನನಗೆ ಹೇಳಲಿಕ್ಕೆ ಆಗುತ್ತಿಲ್ಲ.