ಮೇಲಿನ ಮನೆಯ ಸದ್ದು ನಿಂತ ಮೇಲೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಡ್ಡಿ,

ಮದುವೆಯಾದ ಮೇಲೆ ಮೈ ತುಂಬಿಕೊಂಡಿದ್ದೇನೆ ಎಂದು ನೀನೇ ಬರೆದಿದ್ದೀ. ಆದರೂ ನಲವತ್ತು ವರ್ಷ ಕರೆದ ಹೆಸರನ್ನು ಈಗ ಬದಲಾಯಿಸಲಾರೆ. ನಿನ್ನ ಎರಡು ಕಾಗದವೂ ತಲುಪಿ ತಿಂಗಳ ಮೇಲಾಯಿತು. ಉತ್ತರ ಬರೆಯದಿದ್ದುದಕ್ಕೆ ಎಷ್ಟು ಬೇಕೋ ಅಷ್ಟು ಬೈದುಕೋ. ಪುರುಸೊತ್ತು ಇರಲಿಲ್ಲ ಎಂದರೆ ಸುಳ್ಳು, ಮನಸ್ಸಿರಲಿಲ್ಲ ಎಂದರೆ ಅದೂ ಸುಳ್ಳು. ಪ್ರತಿ ಭಾನುವಾರ ಬ್ರೈಲ್ ಹಲಗೆಗೆ ಹಾಳೆ ಸಿಕ್ಕಿಸಿ, ನಿನ್ನ ಹೆಸರು ಚುಚ್ಚಿ, ಅಲ್ಲಿಗೇ ಎತ್ತಿಟ್ಟುಬಿಡುತ್ತಿದ್ದೆ. ಪೆನ್ಸಿಲಿನ ಹಾಗೆ ಅಳಿಸಲು ಬರುವುದಿಲ್ಲ ನೋಡು, ಇದರಲ್ಲಿ ಚುಚ್ಚಿದ್ದು ಚುಚ್ಚಿದ್ದೇ.

ನಿನ್ನ ಬ್ರೈಲಿನಲ್ಲಿ ಈಗಲೂ ಸಾಲಿಗೆರಡು ತಪ್ಪು. ಚಿಕ್ಕಂದಿನಲ್ಲಿ ಬೆರಳಲ್ಲಿ ಓದೇ ಎಂದರೆ ಕದ್ದು ಕಣ್ಣಲ್ಲಿ ಓದುತ್ತಿದ್ದೆಯಲ್ಲ, ಅದರ ಫಲ. ನಿಮ್ಮ ಯಜಮಾನರು ಕ್ಷೇಮವೇ? ಅವರ ಗಡಿಯಾರ ರಿಪೇರಿ ಅಂಗಡಿ ಹೊಸ ಜಾಗದಲ್ಲಿ ಕುದುರಿತೇ? ನಿನ್ನ ಎಡ ಮಂಡಿ ಹೇಗಿದೆ, ಮೆಟ್ಟಿಲು ಹತ್ತುವಾಗ ಈಗಲೂ ಲಟಕ್ ಎನ್ನುತ್ತದೆಯೇ? ಎರಡನೆಯ ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀ, "ಒಂದ್ಸಲ ಬರಲಾ ಅಕ್ಕ?" ಎಂದು. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ದಿನ ಎಂದಿನಂತೆಯೇ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಎಂಟು ಗಂಟೆ ಕೂತು ಊರಿಗೆಲ್ಲ ಹಲೋ ಎನ್ನುತ್ತೇನೆ. ಮನೆಗೆ ಬಂದರೆ ನನಗೆ ಉತ್ತರ ಕೊಡಲು ಕುಕ್ಕರ್ ಒಂದೇ. ನೀನು ಮದುವೆಯಾಗಿ ಹೋಗಿ ಎಂಟು ತಿಂಗಳಾಯಿತು, ಇನ್ನೂ ಎರಡು ಲೋಟ ಟೀಗೆ ನೀರಿಡುತ್ತೇನೆ.

ನೀನು ಹೋದ ತಿಂಗಳೇ ಮೇಲಿನ ಮನೆಗೆ ಹೊಸಬರು ಬಂದರು. ಗಂಡ ಹೆಂಡತಿ ಇಬ್ಬರೇ. ಗಂಡನಿಗೆ ನಾನಿಟ್ಟ ಹೆಸರು ಪೈಲ್ವಾನ. ಸಂಜೆ ಆರಕ್ಕೆ ಶುರುಮಾಡಿದರೆ ಒಂಬತ್ತರವರೆಗೂ ಕಬ್ಬಿಣ ಎತ್ತಿ ಎತ್ತಿ ನೆಲಕ್ಕೆ ಬಿಡುತ್ತಿದ್ದ, ಅದಕ್ಕೆ ತಾಳ ಹಾಕಲು ದೊಡ್ಡದೊಂದು ಸ್ಪೀಕರು. ನಮ್ಮ ಗೂಡಿನ ಲೋಟಗಳು ಗಡಗಡ ನಡುಗುತ್ತಿದ್ದವು. ಬೇರೆಯವರಿಗಾದರೆ ಅದು ತಲೆನೋವು. ನನಗೆ ಹಾಲು ಉಕ್ಕುವುದು, ನಲ್ಲಿ ಸೋರುವುದು, ಬಾಗಿಲಿಗೆ ಯಾರು ಬಂದರು ಎನ್ನುವುದು, ಎಲ್ಲವೂ ಕಿವಿಯಿಂದಲೇ ತಿಳಿಯಬೇಕು. ನಿನ್ನ ಕಣ್ಣಿಗೆ ದಿನಾ ಮೂರು ಗಂಟೆ ಬಟ್ಟೆ ಕಟ್ಟಿ ಅಡುಗೆ ಮಾಡು ಎಂದರೆ ಹೇಗಿರುತ್ತದೋ ಹಾಗೆ. ಒಂದು ಸಂಜೆ ಹಾಲು ಉಕ್ಕಿದ್ದು ಕೇಳಿಸದೆ ಕೈ ಇಟ್ಟು ಸುಟ್ಟುಕೊಂಡೆ. ಗಾಬರಿಯಾಗಬೇಡ, ಮಾಯ್ದಿದೆ. ಬಲಗೈಯ ಎರಡು ಬೆರಳ ತುದಿ ಮಾತ್ರ ಇನ್ನೂ ಒರಟು, ನಿನ್ನ ಕಾಗದಗಳನ್ನು ಎಡಗೈಯಲ್ಲಿ ಓದಿದೆ.

ಮೊದಲು ಒಳ್ಳೆಯ ಮಾತಲ್ಲೇ ಹೋಗಿ ಹೇಳಿದೆ. ಪೈಲ್ವಾನ ಕೆಟ್ಟವನೇನಲ್ಲ. ತಪ್ಪಾಯಿತು ಎಂದ, ಮೂರು ದಿನ ಸುಮ್ಮನಿದ್ದ, ನಾಲ್ಕನೆಯ ದಿನ ಮತ್ತೆ ಅದೇ ರಾಗ ಅದೇ ಹಾಡು. ನಿವಾಸಿಗಳ ಸಂಘದ ಕಾರ್ಯದರ್ಶಿಯ ಬಳಿ ಹೋದರೆ ಅವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರು. ಕುರುಡಿಗೆ ಕಿವುಡಿಯೂ ಆಗು ಎಂದು ಇಷ್ಟು ಮರ್ಯಾದೆಯಾಗಿ ಹೇಳಿದವರನ್ನು ನಾನು ಕಂಡಿಲ್ಲ. ನಮ್ಮ ಮನೆ ಮಾಲೀಕರಂತೂ ಒಬ್ಬರೇ ಇರುವುದು ನಿಮಗೂ ಕಷ್ಟ, ತಂಗಿಯ ಮನೆಗೇ ಹೋಗಬಹುದಲ್ಲ ಎಂದುಬಿಟ್ಟರು. ಅಲ್ಲಿಗೆ ನನಗೆ ಹಟ ಹಿಡಿಯಿತು. ಈ ಮನೆ ಬಿಟ್ಟರೆ ಒಬ್ಬಳೇ ಬದುಕಲಾರೆ ಎಂದು ಒಪ್ಪಿಕೊಂಡ ಹಾಗೆ. ಅದೂ ಎಲ್ಲರಿಗಿಂತ ಮೊದಲು ನಿನ್ನೆದುರು.

ಆಸ್ಪತ್ರೆಯ ಪಕ್ಕದಲ್ಲಿ ಉಚಿತ ಕಾನೂನು ನೆರವು ಕೊಡುವ ಕಚೇರಿಯಿದೆ. ಅಲ್ಲಿ ಒಬ್ಬ ವಕೀಲೆ, ದನಿ ಎಳೆಯದು, ಆಳು ಗಟ್ಟಿಗಿತ್ತಿ. ನಾನು ಬರೆಸಿಕೊಂಡು ಹೋಗಿದ್ದ ಅರ್ಜಿಯನ್ನು ಓದಿ, "ಇದರಲ್ಲಿ 'ದಯವಿಟ್ಟು' ಅಂತ ಏಳು ಕಡೆ ಇದೆ ಮೇಡಂ. ನೀವು ಕೇಳ್ತಿರೋದು ದಯೆ ಅಲ್ಲ, ಹಕ್ಕು," ಎಂದಳು. ಅಂಗವಿಕಲರು ಬಾಡಿಗೆಗಿದ್ದರೂ ಎಲ್ಲರಂತೆ ಬಾಳಲು ಬೇಕಾದ ಅನುಕೂಲ ಕೇಳಬಹುದು, ಕೇಳಿದ್ದನ್ನು ಮಾಲೀಕರಾಗಲಿ ಸಂಘವಾಗಲಿ ಸುಮ್ಮನೆ ತಳ್ಳಿಹಾಕುವಂತಿಲ್ಲ, ದೂರು ಕೊಟ್ಟರೆಂದು ಮನೆ ಬಿಡಿಸುವಂತೆಯೂ ಇಲ್ಲ ಎಂದು ಬಿಡಿಸಿ ಹೇಳಿದಳು. ಸದ್ದಿನ ದಿನಚರಿ ಇಡಲು ಹೇಳಿದಳು. ಯಾವ ದಿನ, ಎಷ್ಟು ಹೊತ್ತು, ಅದರಿಂದ ನನಗೇನಾಯಿತು. ಮೂವತ್ತಾರು ದಿನ ಇಟ್ಟೆ, ಇದೇ ಹಲಗೆಯಲ್ಲಿ.

ಸಂಘದ ಸಭೆಯಲ್ಲಿ ಕಾರ್ಯದರ್ಶಿ ಆ ಹಾಳೆಗಳನ್ನು ತಿರುವಿ ತಿರುವಿ, ಇದರಲ್ಲಿ ಏನೂ ಬರೆದೇ ಇಲ್ಲವಲ್ಲ ಎಂದರು. ಹಾಗಾದರೆ ನಾನೇ ಓದುತ್ತೇನೆ ಎಂದೆ. ಮೂವತ್ತಾರು ದಿನವನ್ನೂ ಎಡಗೈ ಬೆರಳಿಟ್ಟು ನಿಧಾನಕ್ಕೆ ಓದಿದೆ. ಹಾಲಿನ ದಿನ ಬರುವಷ್ಟರಲ್ಲಿ ಕುರ್ಚಿಗಳ ಕಿರ್ ಕಿರ್ ಸದ್ದು ನಿಂತಿತ್ತು. ಗೆದ್ದೆ ಕಣೇ. ಪೈಲ್ವಾನನ ಕೋಣೆಗೆ ದಪ್ಪ ರಬ್ಬರ್ ಹಾಸು ಬಂತು, ಸ್ಪೀಕರು ಬಾಯಿ ಮುಚ್ಚಿತು, ಮನೆ ಬಿಡಿಸುವುದಿಲ್ಲ ಎಂದು ಮಾಲೀಕರು ಬರೆದು ಕೊಟ್ಟರು. ಆ ದಿನ ನಿನಗೆ ಹೇಳಬೇಕೆಂದು ಎಷ್ಟು ಆಸೆಯಾಯಿತು ಗೊತ್ತೇ? ಹೇಳಲಿಲ್ಲ.

ಆಮೇಲೆ ಆದದ್ದು ಕೇಳು. ಕಾರ್ಯದರ್ಶಿ ಕೆಳಗಿನ ಫಲಕದಲ್ಲಿ ನೋಟೀಸು ಹಾಕಿದರಂತೆ, ಎರಡನೇ ಮಹಡಿಯ ಅಂಧ ಮಹಿಳೆಗೆ ಯಾವುದೇ ಸದ್ದಿನಿಂದ ತೊಂದರೆಯಾಗದಂತೆ ಎಲ್ಲರೂ ನಡೆದುಕೊಳ್ಳತಕ್ಕದ್ದು ಎಂದು. ಅಂದಿನಿಂದ ಇಡೀ ಕಟ್ಟಡ ನನ್ನೆದುರು ಬಾಯಿಗೆ ಬೀಗ ಹಾಕಿಕೊಂಡಿದೆ. ಮೆಟ್ಟಿಲ ಮೇಲೆ ಹರಟುತ್ತಿದ್ದವರು ನನ್ನ ಕೋಲಿನ ಟಕ್ ಟಕ್ ಕೇಳಿದೊಡನೆ ಗಪ್‌ಚುಪ್. ಎದುರು ಮನೆಯ ಟೀಚರು ದಿನಾ ಸಂಜೆ "ಬಂದ್ರಾ?" ಎನ್ನುತ್ತಿದ್ದರಲ್ಲ, ಅವರೀಗ ಒಳಗಿನಿಂದ ಮೆಲ್ಲಗೆ ಬಾಗಿಲು ಒತ್ತಿಕೊಳ್ಳುತ್ತಾರೆ. ಲಿಫ್ಟಿನಲ್ಲಿ ಸೋಪಿನ ವಾಸನೆ ಇರುತ್ತದೆ, ಉಸಿರು ಇರುತ್ತದೆ, ಜನ ಇರುವುದಿಲ್ಲ. ಕಣ್ಣಿದ್ದವರಿಗೆ ಸುಮ್ಮನೆ ನಿಂತವರೂ ಕಾಣುತ್ತಾರೆ. ನನಗೆ ಸುಮ್ಮನಾದವರೆಲ್ಲ ಇಲ್ಲವಾದ ಹಾಗೆ.

ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ತಡೆಯಲಾರದೆ ಯಾರಿದ್ದೀರಿ ಎಂದು ಕೇಳಿಯೇ ಬಿಟ್ಟೆ. ಮತ್ತೆ ಕೇಳಿದೆ. ಕೊನೆಗೆ ಪೈಲ್ವಾನನ ದನಿ ಬಂತು, "ನಾನೇ ಮೇಡಂ. ಬಾಯಿ ಬಿಟ್ರೆ ಎಲ್ಲಿ ಬರ್ಕೋತೀರೋ ಅಂತ ಹೆದ್ರಿಕೆ." ನಗು ಬಂತು, ನಕ್ಕೆ. ಅವನು ನಗಲಿಲ್ಲ. ನಾನು ಕೇಳಿದ್ದು ಕಬ್ಬಿಣ ನಿಲ್ಲಿಸಿ ಎಂದು, ಮಾತು ನಿಲ್ಲಿಸಿ ಎಂದಲ್ಲ. ಇದಕ್ಕೆ ಯಾವ ಅರ್ಜಿ ಕೊಡಲಿ ಎಂದು ವಕೀಲೆಯನ್ನು ಕೇಳಿದೆ. ನೋಟೀಸು ತೆಗೆಸಬಹುದು, ಮಾತಾಡಿಸಿ ಎಂದು ಯಾರಿಗೂ ಆದೇಶ ತರಲಾಗದು ಎಂದಳು ಪಾಪ. ನೋಟೀಸು ಮೊನ್ನೆ ತೆಗೆದರು. ಜನ ಇನ್ನೂ ಹಾಗೆಯೇ ಇದ್ದಾರೆ.

ಹೊತ್ತು ಹೊತ್ತಿಗೆ ಊಟ ಮಾಡು, ಮಂಡಿಗೆ ಎಣ್ಣೆ ತಿಕ್ಕು. ಇಬ್ಬರೂ ನೂರು ಕಾಲ ಜಗಳವಾಡಿಕೊಂಡು, ರಾಜಿಯಾಗಿಕೊಂಡು, ಮಾತು ಬಿಡದೆ ಬಾಳಿ. ನಿನ್ನ ಮನೆಯಲ್ಲಿ ಎಂದೂ ಗಡಿಯಾರದ ಸದ್ದೊಂದೇ ಉಳಿಯುವ ಹಾಗಾಗದಿರಲಿ.

ನಿನ್ನ
ಅಕ್ಕ

ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆದದ್ದು: ಹೋದ ಗುರುವಾರ ಸಂಜೆ ಏಳರ ಹೊತ್ತಿಗೆ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಕೇಳಿಸಿತು. ಕಬ್ಬಿಣ ಬೀಳುತ್ತಿದ್ದ ದಿನಗಳಾಗಿದ್ದರೆ ಕೇಳಿಸುತ್ತಿರಲಿಲ್ಲ. ಎಡಗಾಲು ಎತ್ತಿಟ್ಟಾಗಲೆಲ್ಲ ಲಟಕ್. ಲಿಫ್ಟ್ ಎಂದರೆ ನಿನಗೆ ಮೊದಲಿನಿಂದಲೂ ಹೆದರಿಕೆ. ಹೆಜ್ಜೆ ನಮ್ಮ ಬಾಗಿಲಿಗೆ ಬಂದು ನಿಂತಿತು. ನೀನು ಗಂಟೆ ಒತ್ತಲಿಲ್ಲ. ನಾನು ಈಚೆ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದೆ. ಕೂಗಬಹುದಿತ್ತು, ಕೆಮ್ಮಿದ್ದರೂ ಸಾಕಿತ್ತು. ಹೋಗುವ ದಿನ ನೀನು "ನಿನ್ನ ಕಣ್ಣಾಗಿ ಇದ್ದೂ ಇದ್ದೂ ಸಾಕಾಯ್ತಕ್ಕ" ಎಂದೆಯಲ್ಲ, ಆ ಮಾತು ಅಡ್ಡ ಬಂತು. ಉಸಿರು ಬಿಗಿಹಿಡಿದೆ, ಲಿಫ್ಟಿನೊಳಗಿನವರ ಹಾಗೆ. ನೀನಿಲ್ಲದ ಮೇಲೆ ಮನೆಯಲ್ಲಿ ದೀಪ ಹಾಕುವ ರೂಢಿಯೇ ತಪ್ಪಿಹೋಗಿದೆ. ಬಾಗಿಲ ಮೇಲಿನ ಗಾಜು ಕತ್ತಲಾಗಿರುವುದನ್ನು ಕಂಡು ಅಕ್ಕ ಮನೆಯಲ್ಲಿಲ್ಲ ಎಂದುಕೊಂಡಿರುತ್ತೀ. ಹಾಗೆಯೇ ಅಂದುಕೊಳ್ಳಲಿ ಎಂದೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಲಟಕ್, ಲಟಕ್, ನೀನು ಇಳಿದು ಹೋದೆ.

ನೀನು ಕೇಳಿದ್ದಕ್ಕೆ ಉತ್ತರ: ಬಾ. ನನಗೆ ನಿನ್ನ ಕಣ್ಣು ಬೇಡ ಕಡ್ಡಿ, ದನಿ ಸಾಕು. ಇವತ್ತಿನಿಂದ ಸಂಜೆ ಹೊತ್ತು ನಡುಮನೆಯ ದೀಪದ ಸ್ವಿಚ್ ಒತ್ತಿಟ್ಟಿರುತ್ತೇನೆ. ಎಂಟು ತಿಂಗಳಿಂದ ಹಾಕದ ಬಲ್ಬು, ಉರಿಯುತ್ತದೋ ಕೆಟ್ಟಿದೆಯೋ ಗೊತ್ತಿಲ್ಲ, ಮುಟ್ಟಿ ನೋಡೋಣವೆಂದರೆ ಕೈಗೆಟುಕುವುದಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಯಾರೂ ಮಾತಾಡುವುದಿಲ್ಲ. ನೀನು ಬಂದಾಗ ಕತ್ತಲೆಯೇ ಇದ್ದರೂ ಗಂಟೆ ಒತ್ತು.